ನಾಲ್ಕನೇ ಚುಕ್ಕಿ

ಹಳೆಯ ಕಂಪ್ಯೂಟರ್ ಸುಟ್ಟುಹೋದದ್ದು ನನಗಿಂತ ಮೊದಲು ಮಾಸ್ತರಿಗೆ ಗೊತ್ತಾಯಿತು. ನಾನು ಕಿಟಕಿ ತೆರೆಯುತ್ತಿದ್ದೆ. ಅವರು ಬಾಗಿಲಲ್ಲೇ ನಿಂತು, "ತಂಗಿ, ಏನೋ ಸುಟ್ಟ ವಾಸನಿ ಬರಾಕತ್ತೈತಿ. ಸ್ವಿಚ್ ಹಾಕಬ್ಯಾಡ," ಎಂದರು. ನಾನು ಆಗಲೇ ಹಾಕಿಬಿಟ್ಟಿದ್ದೆ. ಪರದೆ ಒಮ್ಮೆ ಮಿನುಗಿ ಕಪ್ಪಾಯಿತು. ಡಬ್ಬಿ ಬಿಚ್ಚಿದರೆ ಒಳಗಿನ ಬೋರ್ಡಿನ ಮೇಲೆ ಮೂರ್ನಾಲ್ಕು ಕಡೆ ಉಬ್ಬಿ, ಒಡೆದು, ಕಂದು ಬಣ್ಣದ ಅಂಟು ಸೋರಿತ್ತು.

ಲಿಂಗಸುಗೂರಿನ ಆ ಅಂಧ ಮಕ್ಕಳ ವಸತಿ ಶಾಲೆಯಲ್ಲಿ ಬ್ರೈಲ್ ಕೋಣೆ ಎಂದರೆ ನಾವಿಬ್ಬರೇ. ಪಠ್ಯಪುಸ್ತಕವನ್ನು ನಾನು ಕನ್ನಡದಲ್ಲಿ ಟೈಪ್ ಮಾಡುತ್ತಿದ್ದೆ. ಒಂದು ಸಾಫ್ಟ್‌ವೇರ್ ಅದನ್ನು ಬ್ರೈಲಿಗೆ ಬದಲಿಸುತ್ತಿತ್ತು. ಎಂಬೋಸರ್ ಎಂಬ ಯಂತ್ರ ದಪ್ಪ ಕಾಗದದ ಮೇಲೆ ಚುಕ್ಕಿಗಳನ್ನು ಎಬ್ಬಿಸುತ್ತಿತ್ತು. ಮಾಸ್ತರು ಅದರ ಮೇಲೆ ಬೆರಳಾಡಿಸಿ ಗಟ್ಟಿಯಾಗಿ ಓದುತ್ತಿದ್ದರು, ತಪ್ಪು ಬಂದಲ್ಲಿ ನಾನು ಬಣ್ಣದ ಚೀಟಿ ಅಂಟಿಸುತ್ತಿದ್ದೆ. ಅವರು ಹುಟ್ಟಿನಿಂದಲೇ ಕಣ್ಣು ಕಾಣದವರು. ಶಾಲೆಯ ದೊಡ್ಡ ಮಕ್ಕಳಿಗೆಲ್ಲ ಅಕ್ಷರ ಕಲಿಸಿದವರು ಅವರೇ. ಆ ಕೋಣೆಯಿಂದ ಹೊರಹೋಗುವ ಪುಸ್ತಕ ಅವರ ಬೆರಳು ದಾಟದೆ ಹೋಗುತ್ತಿರಲಿಲ್ಲ.

ನಾನು ಸಾಲಗುಂದದಿಂದ ಸಿಂಧನೂರಿಗೆ ಬಂದು ಬಸ್ಸು ಹಿಡಿಯುತ್ತಿದ್ದೆ. ಅವರು ಮಸ್ಕಿಯಲ್ಲಿ ಹತ್ತುತ್ತಿದ್ದರು. ಕಂಪ್ಯೂಟರ್ ಸುಟ್ಟ ಮರುದಿನ ಬಸ್ಸಿನಲ್ಲಿ ನಾನು ಸುಮ್ಮನೆ ಕುಳಿತಿದ್ದಕ್ಕೆ ಅವರೇ ಮಾತು ತೆಗೆದರು. "ನಮ್ಮೂರಾಗ ಬಂಡಿಗಲ್ಲಿನ ಮ್ಯಾಲ ಬರದ ಶಾಸನ ಕಣ್ಣಿದ್ದವ್ರಿಗೂ ಓದಾಕ ಬರಂಗಿಲ್ಲ. ಆದ್ರೂ ಅಕ್ಷರ ಉಳದಾವ. ನಿನ್ನ ಫೈಲು ಉಳದಾವಿಲ್ಲೊ ಹೇಳು."

"ಉಳದಾವ್ರೀ. ಓದೋ ಸಾಫ್ಟ್‌ವೇರ್ ಹೋತು."

ತೊಂದರೆ ಅಲ್ಲೇ ಇತ್ತು. ಶಾಲೆಗೆ ದಾನವಾಗಿ ಬಂದಿದ್ದ ಕಂಪ್ಯೂಟರುಗಳಲ್ಲಿ ವಿಂಡೋಸಿನ ಬದಲು ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆ ಇತ್ತು. ನಮ್ಮ ಬ್ರೈಲ್ ಸಾಫ್ಟ್‌ವೇರ್ ಹಳೆಯ ವಿಂಡೋಸಿಗೆಂದು ಯಾರೋ ಒಬ್ಬ ಎಂಜಿನಿಯರು ಬರೆದುಕೊಟ್ಟದ್ದು. ಸಿ.ಡಿ.ಯ ಮೇಲಿದ್ದ ನಂಬರಿಗೆ ಫೋನ್ ಮಾಡಿದರೆ ಬೇರೆ ಯಾರೋ ಎತ್ತಿದರು. ಹೊಸ ಬ್ರೈಲ್ ಸಾಫ್ಟ್‌ವೇರ್ ಪುಕ್ಕಟೆಯಾಗಿಯೇ ಸಿಗುತ್ತಿತ್ತು, ನಿಜ. ಆದರೆ ಅದಕ್ಕೆ ಈಗಿನ ಎಲ್ಲ ಕಂಪ್ಯೂಟರುಗಳೂ ಓದುವ ಯೂನಿಕೋಡ್ ಕನ್ನಡ ಬೇಕು. ಶಾಲೆಯಲ್ಲಿ ವರ್ಷಗಟ್ಟಲೆ ಟೈಪ್ ಮಾಡಿಟ್ಟ ಪುಸ್ತಕಗಳೆಲ್ಲ ಹಳೆಯ ಫಾಂಟಿನವು. ಅವನ್ನು ಬದಲಿಸಲು ಹೋದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತಿದ್ದವು. ಆ ವರ್ಷ ಹತ್ತನೇ ತರಗತಿಯಲ್ಲಿ ನಾಲ್ಕು ಮಕ್ಕಳಿದ್ದರು. ಶಾಲೆ ಶುರುವಾಗಿ ವಾರವಾಗಿತ್ತು. ಪುಸ್ತಕ ಒಂದೂ ಸಿದ್ಧವಿರಲಿಲ್ಲ.

ಸಿಂಧನೂರಿನ ಕಂಪ್ಯೂಟರ್ ರಿಪೇರಿ ಅಂಗಡಿಯವನು ನನಗೆ ವೈನ್ ಎಂಬ ಸಾಫ್ಟ್‌ವೇರ್ ತೋರಿಸಿಕೊಟ್ಟ. ವಿಂಡೋಸಿಗಾಗಿ ಬರೆದ ಪ್ರೋಗ್ರಾಂ ಏನು ಕೇಳಿದರೂ ಅದನ್ನು ಲಿನಕ್ಸಿಗೆ ತಿಳಿಯುವಂತೆ ಹೇಳಿ, ಬಂದ ಉತ್ತರವನ್ನು ತಿರುಗಿಸಿ ಕೊಡುವುದು ಅದರ ಕೆಲಸ. "ನಡದ್ರ ನಡೀತು, ಇಲ್ಲಾಂದ್ರ ಇಲ್ಲ ಅಕ್ಕಾರ. ನಾ ಗ್ಯಾರಂಟಿ ಕೊಡಂಗಿಲ್ಲ," ಎಂದ.

ಸಾಫ್ಟ್‌ವೇರ್ ತೆರೆದುಕೊಳ್ಳಲು ಎರಡು ದಿನ ಹಿಡಿಯಿತು. ಎಂಬೋಸರಿಗೆ ತಲುಪಲು ಇನ್ನೂ ನಾಲ್ಕು ದಿನ. ಎಂಬೋಸರಿನದು ಅಗಲ ಬಾಯಿಯ ಹಳೆಯ ಕೇಬಲ್ಲು. ಹೊಸ ಕಂಪ್ಯೂಟರಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ನಡುವೆ ಒಂದು ಪರಿವರ್ತಕ ಕೇಬಲ್ ಹಾಕಿದೆ. ಆದರೆ ಸಾಫ್ಟ್‌ವೇರಿಗೆ ಪ್ರಿಂಟರಿನ ಹಳೆಯ ಹೆಸರೊಂದೇ ಗೊತ್ತು. ಅದು ಆ ಹೆಸರು ಹಿಡಿದು ಕರೆದಾಗ ಹೊಸ ಕೇಬಲ್ಲಿಗೆ ಹೋಗಿ ಮುಟ್ಟುವಂತೆ ವೈನ್‌ನಲ್ಲಿ ಕೊಂಡಿ ಹಾಕಿದೆ. ಮಧ್ಯದಲ್ಲಿ ಲಿನಕ್ಸಿನ ಪ್ರಿಂಟಿಂಗ್ ವ್ಯವಸ್ಥೆ ತಾನೇ ಅಂಚು ಬಿಟ್ಟು, ಪುಟ ಹೊಂದಿಸಿ ಕಳಿಸುತ್ತಿತ್ತು. ಬಂದದ್ದನ್ನು ಬಂದ ಹಾಗೆ ದಾಟಿಸೆಂದು ಅದಕ್ಕೆ ಹೇಳಿಕೊಡಬೇಕಾಯಿತು. ಏಳನೆಯ ದಿನ ಎಂಬೋಸರ್ ಟಕಟಕ ಎಂದಾಗ ಮಾಸ್ತರು ಕುರ್ಚಿಯಿಂದ ಎದ್ದು ಬಂದು, ಇನ್ನೂ ಪೂರ್ತಿ ಹೊರಬಾರದ ಹಾಳೆಯ ಮೇಲೆ ಕೈ ಇಟ್ಟರು.

"ರಸೆ," ಎಂದರು. "ರಸೆ ಅಂದ್ರ ಏನು ತಂಗಿ?"

ರಸ್ತೆ ಎಂದಿರಬೇಕಿತ್ತು. ಅಕ್ಕ ಎಂಬುದು ಅಕ ಆಗಿತ್ತು. ಕತ್ತೆ ಕತೆಯಾಗಿತ್ತು. ಒತ್ತಕ್ಷರ ಬಂದಲ್ಲೆಲ್ಲ ಕೆಳಗಿನ ಅಕ್ಷರ ಮಾಯ. ಮಾಸ್ತರು ನಗುತ್ತ ಓದುತ್ತಲೇ ಹೋದರು, ನಾನೂ ನಕ್ಕೆ. ಹಳೆಯ ಫಾಂಟಿನಲ್ಲಿ ಒತ್ತುಗಳನ್ನು ಇಂಗ್ಲಿಷ್ ಅಕ್ಷರಗಳಾಚೆಗಿನ ವಿಚಿತ್ರ ಚಿಹ್ನೆಗಳ ಜಾಗದಲ್ಲಿ ಕೂರಿಸಿರುತ್ತಾರೆ. ಯಾವ ಸಂಖ್ಯೆಗೆ ಯಾವ ಚಿಹ್ನೆ ಎಂದು ಹೇಳುವ ಕೋಷ್ಟಕ ಲಿನಕ್ಸಿನಲ್ಲಿ ಬೇರೆಯಿತ್ತು. ಎರಡು ಕೋಷ್ಟಕಗಳು ನನಗೆ ಸಿಕ್ಕವು, ನೋಡಲು ಒಂದೇ ತರಹ. ಒಂದನ್ನು ಹಾಕಿ ನೋಡಿದೆ. ಒತ್ತುಗಳೆಲ್ಲ ಬಂದವು. ಇನ್ನೊಂದನ್ನು ನೋಡುವ ಗೋಜಿಗೆ ಹೋಗಲಿಲ್ಲ. ಆ ತಪ್ಪು ನನ್ನದು.

ಅದಾಗಿ ಎರಡನೇ ದಿನ ಮಾಸ್ತರು ಮತ್ತೆ ತಡೆದರು. "ಇಲ್ಲಿ ರಸತೆ ಅಂತ ಐತಿ."

ಇದು ಬೇರೆ ತಪ್ಪು. ಬ್ರೈಲಿನಲ್ಲಿ ಒಂದು ಅಕ್ಷರಕ್ಕೆ ಆರು ಚುಕ್ಕಿಗಳ ಜಾಗ. ಒತ್ತಕ್ಷರ ಬರೆಯುವಾಗ ಅದರ ಮುಂದೆ ನಾಲ್ಕನೇ ಚುಕ್ಕಿಯೊಂದನ್ನೇ ಹಾಕುತ್ತಾರೆ, ಅಕ್ಕಪಕ್ಕ ಮತ್ತೇನೂ ಇರುವುದಿಲ್ಲ. ಆ ಒಂಟಿ ಚುಕ್ಕಿ ಬಿದ್ದುಹೋದರೆ ರಸ್ತೆ ರಸತೆಯಾಗುತ್ತದೆ. ಈಗ ಅಕ್ಷರಗಳೆಲ್ಲ ಇದ್ದವು, ಆ ಚುಕ್ಕಿ ಮಾತ್ರ ಅಲ್ಲಲ್ಲಿ ಇಲ್ಲ ಎನ್ನುತ್ತಿದ್ದರು ಮಾಸ್ತರು.

ಫೈಲು ತೆರೆದು ನೋಡಿದೆ. ಚುಕ್ಕಿ ಇರಬೇಕಾದ ಕಡೆಯೆಲ್ಲ ಅದರ ಗುರುತು ಇತ್ತು. ಹಾಗಾದರೆ ದೋಷ ಎಂಬೋಸರಿನಲ್ಲಿ. ಚುಕ್ಕಿ ಎಬ್ಬಿಸುವ ಪಿನ್ನುಗಳನ್ನು ಬಿಚ್ಚಿ ಒರೆಸಿದೆ. ಹೊಡೆತದ ಬಲ ಹೆಚ್ಚಿಸಿದೆ. ಕಾಗದ ಬದಲಿಸಿದೆ. ನಾಲ್ಕನೇ ಪಿನ್ನಿನ ಕಾಯಿಲ್, ಅಂದರೆ ತಂತಿಯ ಸುರುಳಿ, ಸೋತಿರಬೇಕೆಂದು ಬಿಚ್ಚಿಕೊಂಡು ಸಿಂಧನೂರಿನಲ್ಲಿ ಮೋಟರ್ ವೈಂಡಿಂಗ್ ಮಾಡುವವನ ಹತ್ತಿರ ಹೋದೆ. ಅವನು ಪಂಪ್‌ಸೆಟ್ಟಿನ ಮೋಟರುಗಳ ನಡುವೆ ಅದನ್ನು ಬೆರಳ ತುದಿಯಲ್ಲಿ ಹಿಡಿದು, "ಇಷ್ಟು ಸಣ್ಣದು ನಾ ಎಂದೂ ಸುತ್ತಿಲ್ಲ ಬಿಡ್ರಿ," ಎಂದ. ಆದರೂ ಎರಡು ದಿನ ಬಿಟ್ಟು ಸುತ್ತಿಕೊಟ್ಟ.

ಏನು ಮಾಡಿದರೂ ಮಾಸ್ತರಿಗೆ ಚುಕ್ಕಿ ಸಿಗುತ್ತಿರಲಿಲ್ಲ. ನಿನ್ನೆ ಸರಿ ಎಂದ ಪುಟವನ್ನು ಇಂದು ತಪ್ಪು ಎನ್ನುತ್ತಿದ್ದರು. ಮೂರು ವಾರ ಹೀಗೆ ಹೋಯಿತು. ಮುಖ್ಯ ಶಿಕ್ಷಕಿ ದಿನಕ್ಕೊಮ್ಮೆ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದರು. ನಮ್ಮಿಬ್ಬರ ನಡುವೆ ಮಾತು ಕಡಿಮೆಯಾಯಿತು.

ಒಂದು ಸಂಜೆ ಬಸ್ಸಿನಲ್ಲಿ ಅವರು ಕೇಳಿದರು. "ಹಳೇ ಮಷೀನು ಎಂದಾರ ಹಿಂಗ ಮಾಡಿತ್ತೇನು?"

"ಇಲ್ರೀ. ಆದ್ರ ಫೈಲಿನಾಗ ಚುಕ್ಕಿ ಐತ್ರೀ ಮಾಸ್ತರ್ರ. ನಾ ಒಂದೊಂದs ಎಣಿಸಿ ನೋಡೀನಿ."

"ಹುಡುಗ್ರು ಫೈಲು ಓದಂಗಿಲ್ಲ. ಕಾಗದ ಓದ್ತಾರ."

ಮಸ್ಕಿಯಲ್ಲಿ ಇಳಿಯುವಾಗ ದಿನದಂತೆ "ಬರ್ತೀನಿ ತಂಗಿ" ಎನ್ನದೆ ಇಳಿದರು.

ಕಾಗದವನ್ನು ನಾನೇ ಏಕೆ ನೋಡಲಿಲ್ಲ ಎಂದು ಕೇಳಬಹುದು. ನನಗೆ ಬ್ರೈಲ್ ಕಣ್ಣಿನಿಂದ ಓದಲು ಬರುತ್ತದೆ. ಆದರೆ ನಮ್ಮದು ಹಾಳೆಯ ಎರಡೂ ಬದಿ ಮುದ್ರಣ. ಈ ಬದಿಯ ಉಬ್ಬು ಯಾವುದು, ಆ ಬದಿಯ ತಗ್ಗು ಯಾವುದು ಎಂದು ಕಣ್ಣು ಬೇಗ ದಣಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಮಾಸ್ತರ ಬೆರಳು ಇಲ್ಲ ಎಂದ ಮೇಲೆ ಇಲ್ಲ ಎಂಬುದು ಆ ಕೋಣೆಯ ರೂಢಿ. ಅದನ್ನು ಪರೀಕ್ಷಿಸಬೇಕೆಂದು ನನಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಮಾಸ್ತರು ರಜೆ ಹಾಕಿದ್ದ ಒಂದು ದಿನ. ಚೀಟಿ ಅಂಟಿಸಿದ ಹಾಳೆಗಳ ಕಟ್ಟನ್ನು ಜಗಲಿಗೆ ತಂದು ಬಿಡಿಸುತ್ತಿದ್ದೆ. ಬಿಸಿಲು ಓರೆಯಾಗಿ ಬಿದ್ದು ಪ್ರತಿ ಚುಕ್ಕಿಗೂ ಸಣ್ಣ ನೆರಳಿತ್ತು. ಕೆಂಪು ಚೀಟಿಯ ಪಕ್ಕದಲ್ಲೇ, ಇಲ್ಲ ಎಂದಿದ್ದ ಜಾಗದಲ್ಲಿ, ನಾಲ್ಕನೇ ಚುಕ್ಕಿ ಎದ್ದು ನಿಂತಿತ್ತು. ಇನ್ನೊಂದು ಹಾಳೆ ತೆಗೆದೆ. ಅದರಲ್ಲೂ ಇತ್ತು.

ಹತ್ತನೇ ತರಗತಿಯ ಹುಡುಗಿಯೊಬ್ಬಳು ನೀರು ಕುಡಿಯಲು ಬಂದಳು. ಗುರುಗುಂಟಾದವಳು. ಅವಳ ಮನೆಯವರು ಕುರಿ ಸಾಕುತ್ತಾರೆ. ಅವಳ ಕೈಗೆ ಹಾಳೆ ಕೊಟ್ಟು ಓದು ಎಂದೆ. ನಿಂತಲ್ಲೇ, ಹಾಳೆಯನ್ನು ಹೊಟ್ಟೆಗೆ ಒತ್ತಿ ಹಿಡಿದು ಓದಿದಳು. ರಸ್ತೆ ಎಂದೇ ಓದಿದಳು. ಎಲ್ಲಿಯೂ ತಡೆಯಲಿಲ್ಲ.

"ಚುಕ್ಕಿ ಏನಾರ ಬಿಟ್ಟಾವೇನು?"

"ಇಲ್ರೀ ಅಕ್ಕಾರ. ಚೊಲೋ ಎದ್ದಾವ. ಹೊಸಾ ಕಾಗದೇನ್ರೀ?"

ಇನ್ನೂ ಆರು ಹಾಳೆ ಓದಿಸಿದೆ. ಆರೂ ಸರಿ. ಅವಳು ಹೋದ ಮೇಲೆ ಜಗಲಿಯ ಮೇಲೆ ಕುಳಿತುಬಿಟ್ಟೆ. ಒಂದೊಂದೇ ನೆನಪಾಯಿತು. ನನಗೆ ಹಿಡಿಯಲಾಗದಷ್ಟು ಸುಡುವ ಚಹಾದ ಲೋಟವನ್ನು ಅವರು ಅಂಗೈಯಲ್ಲಿ ಹಿಡಿದು ಮಾತಾಡುತ್ತ ನಿಂತದ್ದು. ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ ಒಂದು ಕಾಲಿನ ಚಪ್ಪಲಿ ಕಳಚಿಬಿದ್ದರೂ ಹತ್ತು ಹೆಜ್ಜೆ ನಡೆದುಹೋದದ್ದು. ಅವರಿಗೆ ಸಕ್ಕರೆ ಕಾಯಿಲೆ ಇರುವುದು ನನಗೆ ಗೊತ್ತಿತ್ತು. ನನ್ನ ಅತ್ತೆಯ ಪಾದ ಹೀಗೆಯೇ ಮರಗಟ್ಟಿತ್ತು. ಅದು ಕೈಗೂ ಬರುತ್ತದೆಂದು, ಇವರ ಕೈಗೆ ಬಂದರೆ ಏನಾಗುತ್ತದೆಂದು ನಾನು ಯೋಚಿಸಿರಲಿಲ್ಲ.

ಮರುದಿನ ಹೇಳಬೇಕೆಂದೇ ಹೋದೆ. ಅವರು ಕುರ್ಚಿಯಲ್ಲಿ ಕುಳಿತು, ಎರಡೂ ಕೈಗಳನ್ನು ಪಂಚೆಗೆ ಒರೆಸಿಕೊಂಡು, "ಕೊಡು, ಇವತ್ತಿಂದು," ಎಂದರು. ನನ್ನ ಬಾಯಿಂದ ಬಂದದ್ದು ಬೇರೆ.

"ಮಾಸ್ತರ್ರೀ, ತಪ್ಪು ಸಿಕ್ತು. ಪಿನ್ನಿನ ಒಳಗ ಕಸ ಸೇರಿತ್ತು. ತಗದೀನಿ. ಈಗ ಬರೋಬ್ಬರಿ ಆಗೈತಿ."

ಅವರು ನನ್ನ ದನಿಯ ಕಡೆ ಮುಖ ತಿರುಗಿಸಿದರು. "ಬರೋಬ್ಬರಿ ಆತೇನು?"

"ಆತ್ರೀ."

ಹಾಳೆಯ ಮೇಲೆ ಬೆರಳು ಇಟ್ಟು ಮೊದಲ ಸಾಲನ್ನು ಎಂದಿಗಿಂತ ನಿಧಾನವಾಗಿ ಓದಿದರು. ಆಮೇಲೆ, "ಹೂಂ. ಬರೋಬ್ಬರಿ ಐತಿ," ಎಂದರು. ಅಂದಿನಿಂದ ಒಂದು ಚೀಟಿಯೂ ಬೇಕಾಗಲಿಲ್ಲ. ಕನ್ನಡ ಮುಗಿಯಿತು, ಸಮಾಜ ಮುಗಿಯಿತು, ಗಣಿತದ ಮೊದಲ ಸಂಪುಟ ಒಂಬತ್ತು ದಿನದಲ್ಲಿ ಮುಗಿಯಿತು. ಹೊಲಿದು, ರಟ್ಟು ಹಾಕಿ ಮಕ್ಕಳಿಗೆ ಕೊಟ್ಟೆವು. ಯಾರಿಗೂ ನೋವಾಗದಂತೆ ದಾರಿ ಕಂಡುಕೊಂಡೆ ಎಂದು ನನಗೆ ಒಳಗೊಳಗೆ ಸಮಾಧಾನವೂ ಇತ್ತು.

ತಿಂಗಳು ಕಳೆದಿರಬೇಕು, ಮುಖ್ಯ ಶಿಕ್ಷಕಿ ನನ್ನನ್ನು ಕರೆಸಿದರು. ಗುರುಗುಂಟಾದ ಆ ಹುಡುಗಿ ಅವರ ಮುಂದೆ ನಿಂತಿದ್ದಳು.

"ಈಕಿ ಗಣಿತ ಬ್ಯಾಡ ಅನ್ನಾಕತ್ತ್ಯಾಳ. ಕಣ್ಣಿಲ್ಲದವ್ರಿಗೆ ಬ್ಯಾರೆ ವಿಷಯ ತಗೊಳ್ಳಾಕ ಬರ್ತೈತಲ್ಲ, ಅದನ್ನ ತಗೋತೀನಿ ಅಂತಾಳ. ನೀವಾರ ಒಂದು ಮಾತು ಹೇಳ್ರಿ," ಎಂದರು.

ಹುಡುಗಿ ತಲೆ ತಗ್ಗಿಸಿದಳು. "ಎಷ್ಟ್ ಸಲ ಮಾಡಿದ್ರೂ ಉತ್ತರ ಹೊಂದವಲ್ದ್ರೀ. ನನ್ನ ತಲೀಗೆ ಹತ್ತಂಗಿಲ್ಲ. ನಮ್ಮವ್ವಗೂ ಹೇಳಿ ಕಳಿಸೀನಿ."

ಅವಳ ಪುಸ್ತಕ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಎಕ್ಸ್ ಕಳೆ ಐದು ಎಂದಿರಬೇಕಾದಲ್ಲಿ ಎಕ್ಸ್ ಐದು ಎಂದಿತ್ತು. ಅವಳು ಗುಣಿಸಿದ್ದಳು. ಇನ್ನೇನು ಮಾಡಿಯಾಳು? ಮುಂದಿನ ಪುಟ, ಅದರ ಮುಂದಿನದು, ಸಂಪುಟದ ಕೊನೆಯವರೆಗೂ ಕಳೆಯುವ ಚಿಹ್ನೆ ಒಂದೂ ಇರಲಿಲ್ಲ. ನಾನು ಹಾಕಿದ ಕೋಷ್ಟಕಕ್ಕೂ ಹಾಕಬೇಕಿದ್ದ ಕೋಷ್ಟಕಕ್ಕೂ ಸುಮಾರು ಮೂವತ್ತು ಸ್ಥಾನಗಳ ವ್ಯತ್ಯಾಸ. ಕಳೆಯುವ ಚಿಹ್ನೆಗೆ ನಾವು ಬಳಸಿದ್ದ ಗೆರೆ ಆ ಮೂವತ್ತರಲ್ಲಿತ್ತು. ಈ ಸಲ ಫೈಲಿನಲ್ಲೂ ಇರಲಿಲ್ಲ. ನಾಲ್ಕೂ ಮಕ್ಕಳು ಒಂದೇ ರೀತಿ ತಪ್ಪು ಮಾಡಿದ್ದರು. ನಾಲ್ವರೂ ತಮ್ಮ ತಲೆಯನ್ನೇ ಬೈದುಕೊಂಡಿದ್ದರು. ಮಾಸ್ತರು ತಿದ್ದಿದ ಪುಸ್ತಕದಲ್ಲಿ ತಪ್ಪಿರುತ್ತದೆಂದು ಆ ಶಾಲೆಯಲ್ಲಿ ಯಾರಿಗೂ ಅನ್ನಿಸುತ್ತಿರಲಿಲ್ಲ.

"ನಿಂದೇನೂ ತಪ್ಪಿಲ್ಲವ್ವಾ. ಪುಸ್ತಕ ತಪ್ಪೈತಿ," ಎಂದೆ. ಅವಳು ನಂಬಲಿಲ್ಲ. ಹಿಂದೆ ಸರಿದು ನಿಂತಳು.

ಬ್ರೈಲ್ ಕೋಣೆಗೆ ಹೋದಾಗ ಮಾಸ್ತರು ವಿಜ್ಞಾನದ ಹಾಳೆಗಳನ್ನು ಜೋಡಿಸುತ್ತಿದ್ದರು. ಅವರ ಎದುರಿನ ಸ್ಟೂಲಿನ ಮೇಲೆ ಕುಳಿತೆ. ಮೊದಲು ಗಣಿತದ ತಪ್ಪು ಹೇಳಿದೆ. ಆಮೇಲೆ ಜಗಲಿಯ ಮೇಲೆ ನೋಡಿದ್ದು, ಹುಡುಗಿಗೆ ಓದಿಸಿದ್ದು, ಪಿನ್ನಿನಲ್ಲಿ ಕಸವೇನೂ ಇರಲಿಲ್ಲ ಎಂಬುದು.

ಅವರ ಕೈಗಳು ಹಾಳೆಗಳ ಮೇಲೆಯೇ ಇದ್ದವು. "ಗೊತ್ತಿತ್ತು ತಂಗಿ," ಎಂದರು.

ನನಗೆ ಅರ್ಥವಾಗಲಿಲ್ಲ.

"ಪಿನ್ನು ಸರಿ ಮಾಡೀನಿ ಅಂದೆಲ್ಲ, ಅವತ್ತs ತಿಳೀತು. ಅಲ್ಲಿತನ ನಾನೂ ಮಷೀನs ಅಂದ್ಕೊಂಡಿದ್ದೆ. ನೀ ಸರಿ ಆತು ಅಂದಿ. ಮುಟ್ಟಿ ನೋಡಿದೆ. ಸಿಗಲಿಲ್ಲ. ಅಂದ್ರ ಚುಕ್ಕಿ ಐತಿ, ನನ್ನ ಬೆರಳು ಹೋಗ್ಯಾವ ಅಂತಾತು."

"ಮತ್ತ ಯಾಕ ಹೇಳಲಿಲ್ರೀ?"

"ನೀ ಯಾಕ ಹೇಳಲಿಲ್ಲ?"

ಹೊರಗೆ ಊಟದ ಗಂಟೆ ಬಾರಿಸಿತು. ಮಕ್ಕಳು ಗೋಡೆ ಹಿಡಿದು ಸಾಲಾಗಿ ಹೋಗುವ ಸದ್ದು ಕೇಳಿ ನಿಂತಿತು. ಆಮೇಲೆ ಅವರೇ ಹೇಳಿದರು. "ನೀ ಒಂದs ಸಲ ಸುಳ್ಳು ಹೇಳಿದಿ. ನಾ ದಿನಾ ಸುಳ್ಳು ಓದಿದೆ. ಕನ್ನಡ, ಸಮಾಜ ಅಂದಾಜಿನ ಮ್ಯಾಲ ನಡೀತು. ಲೆಕ್ಕಕ್ಕ ಅಂದಾಜು ನಡೀಲಿಲ್ಲ."

ಮುಖ್ಯ ಶಿಕ್ಷಕಿಗೆ ಅವರೇ ಹೋಗಿ ಹೇಳಿದರು. ನಾನು ಜೊತೆಗೆ ಬರುತ್ತೇನೆಂದರೆ ಬೇಡವೆಂದರು.

ಆ ವಾರ ಸಿಂಧನೂರಿನ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಒಂದು ಗಟ್ಟಿ ನೈಲಾನ್ ಎಳೆ ತೆಗೆದುಕೊಂಡು, ಮುಟ್ಟಿದ್ದು ಗೊತ್ತಾದಾಗ ಹೂಂ ಎನ್ನಿ ಎಂದು ಹೇಳಿ, ಬಲಗೈ ಹೆಬ್ಬೆರಳಿನಿಂದ ಶುರುಮಾಡಿದರು. ಒಂದೊಂದೇ ಬೆರಳಿನ ತುದಿಗೆ ಎಳೆ ಒತ್ತಿ ಬಾಗುವವರೆಗೂ ಮುಟ್ಟಿದರು. ಬಲಗೈ ಮುಗಿದು ಎಡಗೈಯ ಮೂರು ಬೆರಳಾಗಿತ್ತು. ಮಾಸ್ತರು ಕೈ ಚಾಚಿಕೊಂಡು ಕುಳಿತವರು, "ಚಾಲೂ ಮಾಡ್ರೀ ಡಾಕ್ಟ್ರ," ಎಂದರು.

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಹೋದದ್ದು ತಿರುಗಿ ಬರುವುದು ಕಷ್ಟ, ಉಳಿದದ್ದನ್ನು ಕಾಯ್ದುಕೊಳ್ಳಬೇಕು ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಮಾಸ್ತರು ತಲೆಯಾಡಿಸಿದರು. ಬಸ್ಸಿನಲ್ಲಿ ಮಸ್ಕಿ ಬರುವವರೆಗೂ ತಮ್ಮ ಕೈಗಳನ್ನು ಒಂದರೊಳಗೊಂದು ಇಟ್ಟುಕೊಂಡು ಕುಳಿತಿದ್ದರು.

ಕೋಷ್ಟಕ ಸರಿಪಡಿಸಲು ನನಗೆ ಬೇಕಾದದ್ದು ಒಂದು ಸಾಲು, ಒಂದು ನಿಮಿಷ. ಗಣಿತದ ಸಂಪುಟಗಳನ್ನು ವಾಪಸು ತಂದು ಹೊಸದಾಗಿ ಮುದ್ರಿಸಿದೆವು. ಕನ್ನಡ, ಸಮಾಜಗಳನ್ನೂ ಮೊದಲಿನಿಂದ ನೋಡಿದೆವು. ಓದಲು ಆ ಗುರುಗುಂಟಾದ ಹುಡುಗಿ ದಿನಕ್ಕೊಂದು ತಾಸು ಬರುತ್ತಿದ್ದಳು. ಅವಳು ಓದುವುದು, ಮಾಸ್ತರು ಕೇಳುವುದು. ಬೆರಳಿಗೆ ಸಿಗದಿದ್ದರೂ ಕಿವಿಗೆ ತಪ್ಪುತ್ತಿರಲಿಲ್ಲ. "ತಡಿಯವ್ವಾ, ಅಲ್ಲೊಂದು ಸೊನ್ನಿ ಬಿಟ್ಟಿ. ನೀ ಬಿಟ್ಟಿಯೊ ಮಷೀನು ಬಿಟ್ಟೈತಿಯೊ, ಹಿಂದಕ್ಕ ಹೋಗು," ಎನ್ನುತ್ತಿದ್ದರು. ಪುಸ್ತಕಗಳು ತಡವಾಗಿ ಮುಗಿದರೂ ಸರಿಯಾಗಿ ಮುಗಿದವು. ಹುಡುಗಿ ಗಣಿತ ಬಿಡಲಿಲ್ಲ.

ಆದರೆ ಮಾಸ್ತರು ಒಬ್ಬರೇ ಇದ್ದಾಗ ಓದುತ್ತಿದ್ದುದು ನಿಂತುಹೋಗಿತ್ತು. ಮೊದಲು ಮಧ್ಯಾಹ್ನ ಊಟವಾದ ಮೇಲೆ ಕಪಾಟಿನಿಂದ ಯಾವುದಾದರೂ ಹಳೆಯ ಸಂಪುಟ ತೆಗೆದು ತೊಡೆಯ ಮೇಲಿಟ್ಟುಕೊಂಡು ತುಟಿ ಅಲುಗಿಸುತ್ತ ಕೂರುತ್ತಿದ್ದರು. ಈಗ ಕಿಟಕಿಯ ಕಡೆ ಮುಖ ಮಾಡಿ ಸುಮ್ಮನೆ ಕೂರುತ್ತಿದ್ದರು. ಮೊಬೈಲಿನಲ್ಲಿ ಪುಸ್ತಕ ಓದಿ ಹೇಳುವ ವ್ಯವಸ್ಥೆ ಹಾಕಿಕೊಟ್ಟೆ. ಎರಡು ದಿನ ಕೇಳಿ, "ಅದು ನನಗ ಹೇಳ್ತೈತಿ. ನಾ ಓದಿದಂಗಾಗಂಗಿಲ್ಲ," ಎಂದು ತಿರುಗಿ ಕೊಟ್ಟರು.

ಪರೀಕ್ಷೆಗಳು ಮುಗಿದ ಮೇಲೆ, ಬರುವ ವರ್ಷದಿಂದ ತಾವು ಬರುವುದಿಲ್ಲ ಎಂದು ಹೇಳಿದರು. ಕೊನೆಯ ದಿನ ಕೈಯಿಂದ ಚುಕ್ಕಿ ಚುಚ್ಚಿ ಬರೆಯುವ ಬ್ರೈಲ್ ಸ್ಲೇಟು, ಚುಚ್ಚುವ ಮೊಳೆ, ಒಂದು ಹಾಳೆ ಕೇಳಿದರು. ಈ ಸಾಫ್ಟ್‌ವೇರ್ ಎಲ್ಲೆಲ್ಲಿ ಎಡವುತ್ತದೆ ಎಂಬುದನ್ನು ಮುಂದೆ ಕರಡು ನೋಡುವವರಿಗಾಗಿ ಬರೆದಿಡಬೇಕು ಎಂದರು. ನಾನು ಟೈಪ್ ಮಾಡುತ್ತೇನೆ, ನೀವು ಹೇಳಿ ಎಂದೆ. ಒಪ್ಪಲಿಲ್ಲ. ಚುಚ್ಚಲು ಬಲ ಸಾಕು, ಬೆರಳಿನ ತುದಿ ಬೇಕಿಲ್ಲ ಎಂದರು. ಆದರೆ ಮೊಳೆ ಸ್ಲೇಟಿನ ಯಾವ ಮನೆಯಲ್ಲಿದೆ ಎಂದು ತಿಳಿಯಲು ಇನ್ನೊಂದು ಕೈಯ ಬೆರಳು ಬೇಕು. ಚುಕ್ಕಿ ಹಾಳೆಯ ಹಿಂಬದಿಗೆ ಏಳುವುದರಿಂದ ಬಲದಿಂದ ಎಡಕ್ಕೆ, ಮನೆಗಳನ್ನು ಬಾಯಲ್ಲಿ ಎಣಿಸುತ್ತ ಚುಚ್ಚಿದರು.

ಮುಗಿಸಿ ನನ್ನ ಕೈಗೆ ಕೊಟ್ಟರು. ಬೆಳಕಿಗೆ ಹಿಡಿದು ನೋಡಿದೆ. ಮೂರನೇ ಸಾಲಿನಲ್ಲಿ ಎರಡು ಅಕ್ಷರ ಒಂದರ ಮೇಲೊಂದು ಬಿದ್ದು ಏನೂ ತಿಳಿಯುತ್ತಿರಲಿಲ್ಲ.

"ಮೂರನೇ ಸಾಲಿನಾಗ ತಪ್ಪೈತ್ರೀ ಮಾಸ್ತರ್ರ. ಎರಡಕ್ಷರ ಕೂಡ್ಯಾವ."

"ಹರದ್ ಹಾಕು. ಇನ್ನೊಂದ್ ಹಾಳಿ ಕೊಡು."

ಎರಡನೆಯದರಲ್ಲಿ ಒಂದು ಸಾಲೇ ತಪ್ಪಿಹೋಗಿತ್ತು. ಅದನ್ನೂ ಹೇಳಿದೆ. ಅದನ್ನೂ ಹರಿದು ಹಾಕಿದೆ. ಮೂರನೆಯದು ಮುಗಿಯುವಾಗ ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು. ಮೇಲಿನಿಂದ ಕೆಳಗಿನವರೆಗೆ ಎರಡು ಸಲ ನೋಡಿದೆ.

"ಸರಿ ಐತ್ರೀ," ಎಂದೆ.

"ಖರೇನೇ?"

"ಖರೇ ರೀ."

ಅವರು ಮೊಳೆಯನ್ನು ಸ್ಲೇಟಿನ ಮೇಲಿಟ್ಟರು. ಆಮೇಲೆ, "ಆ ಹುಡುಗಿ ಇನ್ನs ಊರಿಗೆ ಹೋಗಿಲ್ಲಲ್ಲ, ಕರಿ," ಎಂದರು. ಕರೆದೆ. ಅವಳು ಊರಿಗೆ ಹೊರಟು ಚೀಲ ಕಟ್ಟುತ್ತಿದ್ದವಳು ಬಂದಳು. ಮಾಸ್ತರು ಹಾಳೆಯನ್ನು ನನ್ನ ಕೈಯಿಂದ ಇಸಿದುಕೊಂಡು ತಾವೇ ಅವಳ ಕೈಗೆ ಕೊಟ್ಟು, "ಇದನ್ನ ಓದವ್ವಾ," ಎಂದರು.

ನಾನು ಪಕ್ಕಕ್ಕೆ ಸರಿದು ನಿಂತೆ. ಹುಡುಗಿ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಎಲ್ಲಿಯೂ ನಿಲ್ಲದೆ ಓದಿದಳು. ಅವಳು ಮುಗಿಸುವವರೆಗೂ ಮಾಸ್ತರು ತಲೆ ಓರೆ ಮಾಡಿ ಕೇಳಿದರು, ಆಮೇಲೆ ಎದ್ದು ತಮ್ಮ ಕೋಲು ಹುಡುಕಿಕೊಂಡರು.